ಹೊಸ ರಿಕ್ಷಾಕ್ಕೆ ಯಾವ ಎಂಜಿನ್? ಪೆಟ್ರೋಲ್, ಗ್ಯಾಸ್, ಡೀಸೆಲ್, ಬ್ಯಾಟರಿ: ಸ್ಟ್ಯಾಂಡಿನ ಮಾತು, ವಿಜ್ಞಾನದ ಲೆಕ್ಕ

"ಸಿಎನ್‌ಜಿ ತಗೊಳ್ಳಿ, ಮೈಲೇಜ್ ನಲ್ವತ್ತು." "ಗ್ಯಾಸ್ ಬೇಡ, ಸಿಲಿಂಡರ್ ಒಡೆದರೆ ಕಥೆ ಮುಗಿಯಿತು." "ಬ್ಯಾಟರಿ ರಿಕ್ಷಾ ಏರು ಹತ್ತುವುದಿಲ್ಲ, ಮಳೆಗಾಲದಲ್ಲಿ ಶಾಕ್ ಹೊಡೆಯುತ್ತದೆ." ಹೊಸ ರಿಕ್ಷಾ ಕೊಳ್ಳಲು ಹೊರಟವರಿಗೆ ಇಂಥ ಸಲಹೆಗಳಿಗೆ ಬರವಿಲ್ಲ. ಆದರೆ ಸಾಲ ಮಾಡಿ ಕೊಂಡ ರಿಕ್ಷಾದ ಕಂತು ಕಟ್ಟಬೇಕಾದವರು ಸಲಹೆ ಕೊಟ್ಟವರಲ್ಲ. ಆಯ್ಕೆ ತಪ್ಪಿದರೆ ನಾಲ್ಕೈದು ವರ್ಷ ಪ್ರತಿ ಬಾಡಿಗೆಯಲ್ಲೂ ಒಂದಿಷ್ಟು ಹಣ ಸೋರುತ್ತಲೇ ಇರುತ್ತದೆ. ಹಾಗಾಗಿ ಈ ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸೋಣ. ಉದಾಹರಣೆಗೆ ಕಾಪು ತಾಲೂಕಿನ ನಂದಿಕೂರನ್ನು ಇಟ್ಟುಕೊಳ್ಳೋಣ. ಒಂದು ಕಡೆ ಪಡುಬಿದ್ರಿಯ ರಾಷ್ಟ್ರೀಯ ಹೆದ್ದಾರಿ 66, ಇನ್ನೊಂದು ಕಡೆ ಬೆಳ್ಮಣ್, ಕಾರ್ಕಳದ ದಾರಿ, ನಡುವೆ ಕೊಂಕಣ ರೈಲ್ವೆಯ ನಿಲ್ದಾಣ, ಕೈಗಾರಿಕಾ ಪ್ರದೇಶ. ಕರಾವಳಿಯ ರಿಕ್ಷಾದವರ ದುಡಿಮೆ ಹೇಗಿರುತ್ತದೆ ಎಂಬುದಕ್ಕೆ ಒಳ್ಳೆಯ ಮಾದರಿ ಇದು.

"ಸಿಎನ್‌ಜಿ ಮೈಲೇಜ್ ಹೆಚ್ಚು": ನಿಜ, ಆದರೆ ಅಳತೆ ಬೇರೆ

ಪೆಟ್ರೋಲನ್ನು ಲೀಟರಿನಲ್ಲಿ ಅಳೆಯುತ್ತಾರೆ, ಸಿಎನ್‌ಜಿಯನ್ನು ಕಿಲೋದಲ್ಲಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ, ಒಂದು ಕಿಲೋ ಸಿಎನ್‌ಜಿಯಲ್ಲಿ ಸುಮಾರು 48. ಅಂದರೆ ಒಂದು ಕಿಲೋ ಗ್ಯಾಸ್ ಒಂದೂವರೆ ಲೀಟರ್ ಪೆಟ್ರೋಲಿಗೆ ಸಮ. ಪೆಟ್ರೋಲಿನಲ್ಲಿ 30 ಕಿ.ಮೀ. ಓಡುವ ರಿಕ್ಷಾ ಗ್ಯಾಸಿನಲ್ಲಿ 40 ದಾಟಿದರೆ ಅದು ಎಂಜಿನ್ನಿನ ಜಾಣತನವಲ್ಲ, ಒಳಗೆ ಹೋದ ಶಕ್ತಿಯೇ ಹೆಚ್ಚು. ಎಲ್‌ಪಿಜಿಯ ಕಥೆ ಇದರ ತಿರುಗುಮುರುಗು. ಲೀಟರಿಗೆ ಸುಮಾರು 25 ಮೆಗಾಜೂಲ್ ಮಾತ್ರ ಇರುವುದರಿಂದ ಮೈಲೇಜ್ ಕಡಿಮೆ ಕಾಣುತ್ತದೆ.

ಆದ್ದರಿಂದ ಮೈಲೇಜ್ ಹೋಲಿಸಬೇಡಿ. ಬೆಲೆಯನ್ನು ಮೈಲೇಜಿನಿಂದ ಭಾಗಿಸಿ, ಒಂದು ಕಿಲೋಮೀಟರಿಗೆ ಎಷ್ಟು ಬೀಳುತ್ತದೆ ನೋಡಿ. ಲೆಕ್ಕ ತೋರಿಸಲು ಕೆಲವು ಸಂಖ್ಯೆಗಳನ್ನು ಹಿಡಿಯೋಣ. ಇವುಗಳ ಜಾಗದಲ್ಲಿ ನಿಮ್ಮ ಬಂಕಿನ ಇವತ್ತಿನ ದರ ಹಾಕಿಕೊಳ್ಳಿ.

- ಪೆಟ್ರೋಲ್: ಲೀಟರಿಗೆ 100 ರೂ., ಮೈಲೇಜ್ 30, ಕಿ.ಮೀ.ಗೆ 3.33 ರೂ.
- ಎಲ್‌ಪಿಜಿ: ಲೀಟರಿಗೆ 60 ರೂ., ಮೈಲೇಜ್ 23, ಕಿ.ಮೀ.ಗೆ 2.61 ರೂ.
- ಡೀಸೆಲ್: ಲೀಟರಿಗೆ 90 ರೂ., ಮೈಲೇಜ್ 35, ಕಿ.ಮೀ.ಗೆ 2.57 ರೂ.
- ಸಿಎನ್‌ಜಿ: ಕಿಲೋಗೆ 85 ರೂ., ಮೈಲೇಜ್ 40, ಕಿ.ಮೀ.ಗೆ 2.13 ರೂ.
- ಬ್ಯಾಟರಿ: ಯೂನಿಟಿಗೆ 8 ರೂ., ಕಿ.ಮೀ.ಗೆ 0.07 ಯೂನಿಟ್, ಕಿ.ಮೀ.ಗೆ 56 ಪೈಸೆ.

ಸಿಎನ್‌ಜಿಗೆ ಇನ್ನೊಂದು ಅಡಗಿದ ಖರ್ಚಿದೆ. 2021ರ ಜನವರಿಯಲ್ಲಿ ಕೊಚ್ಚಿ-ಮಂಗಳೂರು ಅನಿಲ ಕೊಳವೆ ಮಾರ್ಗ ಉದ್ಘಾಟನೆಯಾದ ಮೇಲೂ, ಎಲ್ಲ ಬಂಕಿನಲ್ಲೂ ಸಿಎನ್‌ಜಿ ಸಿಗುವುದಿಲ್ಲ. ನಾಲ್ಕು ಕಿಲೋ ತುಂಬಿಸಿದರೆ 160 ಕಿ.ಮೀ. ಓಡಬಹುದು ಎಂದುಕೊಳ್ಳಿ. ತುಂಬಿಸಲೆಂದೇ 8 ಕಿ.ಮೀ. ಹೋಗಿ 8 ಕಿ.ಮೀ. ಖಾಲಿ ಬಂದರೆ ಹತ್ತನೇ ಒಂದು ಭಾಗ ಅಲ್ಲೇ ಹೋಯಿತು. ನಲ್ವತ್ತರ ಮೈಲೇಜ್ ನಿಜದಲ್ಲಿ ಮೂವತ್ತಾರು. ಸರತಿಯಲ್ಲಿ ನಿಂತ ಹೊತ್ತಿನಲ್ಲಿ ತಪ್ಪಿದ ಬಾಡಿಗೆ ಬೇರೆ. ನಿಮ್ಮ ದಿನನಿತ್ಯದ ದಾರಿಯಲ್ಲೇ ಬಂಕ್ ಇದ್ದರೆ ಈ ನಷ್ಟವಿಲ್ಲ.

"ಗ್ಯಾಸ್ ಸಿಲಿಂಡರ್ ಎಂದರೆ ಬಾಂಬ್": ಅರ್ಧ ಸತ್ಯವೂ ಅಲ್ಲ

ಸಿಎನ್‌ಜಿ ಎಂದರೆ ಮುಖ್ಯವಾಗಿ ಮೀಥೇನ್. ಅದು ಗಾಳಿಗಿಂತ ಹಗುರ, ಸೋರಿದರೆ ತೆರೆದ ಜಾಗದಲ್ಲಿ ಮೇಲಕ್ಕೆ ಹಾರಿಹೋಗುತ್ತದೆ. ತಾನಾಗಿ ಹೊತ್ತಿಕೊಳ್ಳಲು ಅದಕ್ಕೆ 500 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಶಾಖ ಬೇಕು. ಪೆಟ್ರೋಲಿಗೆ ಅದರ ಅರ್ಧದಷ್ಟು ಸಾಕು. ಎಲ್‌ಪಿಜಿ ಮಾತ್ರ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಎಲ್‌ಪಿಜಿ ರಿಕ್ಷಾ ನಿಲ್ಲಿಸುವವರು ಗಾಳಿ ಆಡಲು ನೆಲಮಟ್ಟದಲ್ಲೂ ಕಿಂಡಿ ಬಿಡಬೇಕು.

ನಿಜವಾದ ಅಪಾಯ ಇರುವುದು ಎರಡು ಕಡೆ. ಒಂದು, ಅಡುಗೆಮನೆಯ ಸಿಲಿಂಡರಿನಿಂದ ರಿಕ್ಷಾಕ್ಕೆ ಗ್ಯಾಸ್ ತುಂಬಿಸುವುದು. ವಾಹನದ ಎಲ್‌ಪಿಜಿ ಟ್ಯಾಂಕ್ ಶೇ. 80 ತುಂಬಿದಾಗ ತಾನೇ ನಿಲ್ಲುವ ಕವಾಟ ಹೊಂದಿರುತ್ತದೆ, ಏಕೆಂದರೆ ಬಿಸಿಲಿಗೆ ದ್ರವ ಹಿಗ್ಗಲು ಜಾಗ ಬೇಕು. ಮನೆಯಲ್ಲಿ ತುಂಬಿಸುವಾಗ ಸೋರಿದ ಗ್ಯಾಸಿಗೆ ಒಂದು ಕಿಡಿ ಸಾಕು. ಇದು ಕಾನೂನಿಗೂ ವಿರುದ್ಧ. ಎರಡು, ತುಕ್ಕು. ಸಿಎನ್‌ಜಿ ಸಿಲಿಂಡರಿನ ಒಳಗೆ ಸುಮಾರು 200 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ 200 ಪಟ್ಟು ಒತ್ತಡ ಇರುತ್ತದೆ. ಕರಾವಳಿಯ ಉಪ್ಪುಗಾಳಿ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಮೂರು ವರ್ಷಕ್ಕೊಮ್ಮೆ ಮಾಡಿಸಬೇಕಾದ ಒತ್ತಡ ಪರೀಕ್ಷೆಯನ್ನು ಇಲ್ಲಿ ತಪ್ಪಿಸುವಂತೆಯೇ ಇಲ್ಲ.

"ಏರಿಗೆ ಡೀಸೆಲ್ಲೇ ಬೇಕು": ಎಲ್ಲರಿಗೂ ಅಲ್ಲ

ಗ್ಯಾಸ್ ಎಂಜಿನ್ ಏರಿನಲ್ಲಿ ಸ್ವಲ್ಪ ಸೋಲುವುದು ನಿಜ. ಎಂಜಿನ್ನಿನ ಒಳಗೆ ಗ್ಯಾಸ್ ಜಾಗ ಹಿಡಿಯುವುದರಿಂದ ಗಾಳಿ ಅಷ್ಟು ಕಡಿಮೆ ಹೋಗುತ್ತದೆ, ಬಲವೂ ಸುಮಾರು ಹತ್ತನೇ ಒಂದರಷ್ಟು ತಗ್ಗುತ್ತದೆ. ಡೀಸೆಲ್ ಎಂಜಿನ್ ಗಾಳಿಯನ್ನು ಹೆಚ್ಚು ಒತ್ತಿ ಉರಿಸುವುದರಿಂದ ಕಡಿಮೆ ವೇಗದಲ್ಲೂ ಎಳೆತ ಜೋರು. ಜಲ್ಲಿ, ಸಿಮೆಂಟು, ಮೀನಿನ ಪೆಟ್ಟಿಗೆ ಹೇರುವ ಗೂಡ್ಸ್ ರಿಕ್ಷಾಕ್ಕೆ ಅದು ಒಪ್ಪುತ್ತದೆ. ಮೂವರು ಪ್ರಯಾಣಿಕರಿಗೆ ಅಷ್ಟು ಎಳೆತ ಬೇಕಿಲ್ಲ. ನಡುಕ, ಸದ್ದು, ದುರಸ್ತಿಯ ಖರ್ಚು ಮಾತ್ರ ಉಳಿಯುತ್ತದೆ.

ಬ್ಯಾಟರಿ ರಿಕ್ಷಾ ಏರು ಹತ್ತುವುದಿಲ್ಲ ಎಂಬ ಮಾತು ಬಂದದ್ದು ಗಂಟೆಗೆ 25 ಕಿ.ಮೀ. ಮೀರದ ಹಳೆಯ ಇ-ರಿಕ್ಷಾಗಳಿಂದ. ಈಗಿನ ಲಿಥಿಯಂ ಬ್ಯಾಟರಿಯ ದೊಡ್ಡ ರಿಕ್ಷಾ ಬೇರೆ ವರ್ಗದ್ದು. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ತಿ ಎಳೆತ ಕೊಡುತ್ತದೆ. ಜನರೂ ಸೇರಿ 700 ಕಿಲೋ ತೂಗುವ ರಿಕ್ಷಾ 100 ಮೀಟರ್ ಎತ್ತರ ಏರಲು ಬೇಕಾದ ಶಕ್ತಿ 0.19 ಯೂನಿಟ್, ಮೋಟಾರಿನ ನಷ್ಟ ಸೇರಿಸಿದರೂ ಕಾಲು ಯೂನಿಟ್. 8 ಯೂನಿಟ್ ಬ್ಯಾಟರಿಗೆ ಇದು ದೊಡ್ಡ ಹೊರೆಯಲ್ಲ.

"ಮಳೆಗೆ ಶಾಕ್ ಹೊಡೆಯುತ್ತದೆ"

ಬ್ಯಾಟರಿ, ಮೋಟಾರಿಗೆ ಐಪಿ67 ರಕ್ಷಣೆ ಇದೆಯೇ ಎಂದು ಕೇಳಿ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗಬಾರದು ಎಂಬುದು ಅದರ ಅರ್ಥ. ಎಚ್ಚರ ಬೇಕಾದದ್ದು ಮನೆಯ ಗೋಡೆಯಲ್ಲಿರುವ ಪ್ಲಗ್ಗಿನ ಬಗ್ಗೆ. ಸರಿಯಾದ ಅರ್ತಿಂಗ್ ಇಲ್ಲದ, ಒದ್ದೆಯಾಗುವ ಪ್ಲಗ್ಗಿನಲ್ಲಿ ಚಾರ್ಜ್ ಮಾಡಬೇಡಿ. ಆಟಿ ತಿಂಗಳಲ್ಲಿ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಹೋದರೆ ಮರುದಿನದ ದುಡಿಮೆಯೂ ಹೋಗುತ್ತದೆ. ಹತ್ತಿರದಲ್ಲಿ ಚಾರ್ಜ್ ಮಾಡಲು ಇನ್ನೊಂದು ಜಾಗ ಇದೆಯೇ ನೋಡಿಕೊಳ್ಳಿ.

"ಕರೆಂಟ್ ಬರುವುದು ಕಲ್ಲಿದ್ದಲಿನಿಂದ, ಲಾಭವೇನು?"

ನಂದಿಕೂರಿನ ಪಕ್ಕದ ಎಲ್ಲೂರಿನಲ್ಲೇ 1200 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಇರುವಾಗ ಈ ಪ್ರಶ್ನೆ ಸಹಜ. ಕಲ್ಲಿದ್ದಲಿನಿಂದ ಒಂದು ಯೂನಿಟ್ ತಯಾರಾದರೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಬರೀ ಅದೇ ಕರೆಂಟಿನಲ್ಲಿ ಓಡಿದರೆ ಬ್ಯಾಟರಿ ರಿಕ್ಷಾದ ಪಾಲು ಕಿ.ಮೀ.ಗೆ 70 ಗ್ರಾಂ. ಪೆಟ್ರೋಲಿನದ್ದು 77, ಸಿಎನ್‌ಜಿಯದ್ದು 69. ಅಂದರೆ ಪ್ರಶ್ನೆ ಕೇಳುವವರ ಮಾತಿನಲ್ಲಿ ಹುರುಳಿದೆ. ಆದರೆ ಗ್ರಿಡ್ಡಿನಲ್ಲಿ ವಾರಾಹಿ, ಶರಾವತಿಯ ನೀರು, ಗಾಳಿ, ಬಿಸಿಲಿನ ವಿದ್ಯುತ್ತೂ ಬೆರೆಯುತ್ತದೆ. ದೇಶದ ಸರಾಸರಿ ಯೂನಿಟಿಗೆ ಸುಮಾರು 0.7 ಕಿಲೋ ಎಂದು ಹಿಡಿದರೆ 49 ಗ್ರಾಂ. ಜೊತೆಗೆ, ಸ್ಟ್ಯಾಂಡಿನಲ್ಲಿ ದಿನವಿಡೀ ಕುಳಿತವರ ಮೂಗಿಗೆ ಹೊಗೆ ಇಲ್ಲ.

ಹಾಗಾದರೆ ಯಾವುದು?

ತೀರ್ಮಾನ ನಿಂತಿರುವುದು ನೀವು ದಿನಕ್ಕೆ ಓಡಿಸುವ ಕಿಲೋಮೀಟರಿನ ಮೇಲೆ. ಬ್ಯಾಟರಿ ರಿಕ್ಷಾಕ್ಕೆ ಸಿಎನ್‌ಜಿಗಿಂತ ಒಂದು ಲಕ್ಷ ಹೆಚ್ಚು ಎಂದಿಟ್ಟುಕೊಳ್ಳಿ. ದಿನಕ್ಕೆ 100 ಕಿ.ಮೀ., ತಿಂಗಳಿಗೆ 25 ದಿನ ಓಡಿದರೆ ಮೇಲಿನ ದರದಲ್ಲಿ ತಿಂಗಳಿಗೆ ಸುಮಾರು 3,900 ರೂ. ಉಳಿತಾಯ, 26 ತಿಂಗಳಲ್ಲಿ ಆ ಲಕ್ಷ ವಾಪಸ್. ದಿನಕ್ಕೆ 40 ಕಿ.ಮೀ. ಮಾತ್ರ ಓಡಿದರೆ ಐದು ವರ್ಷ ದಾಟುತ್ತದೆ, ಅಷ್ಟರಲ್ಲಿ ಬ್ಯಾಟರಿಯ ಗ್ಯಾರಂಟಿಯೇ ಮುಗಿದಿರಬಹುದು. ಹೀಗಾಗಿ ದಿನವಿಡೀ ಪಡುಬಿದ್ರಿ-ಬೆಳ್ಮಣ್ ಸುತ್ತಾಡಿ ರಾತ್ರಿ ಮನೆಯಲ್ಲೇ ನಿಲ್ಲಿಸುವವರಿಗೆ ಬ್ಯಾಟರಿ ಒಪ್ಪುತ್ತದೆ. ಮಣಿಪಾಲ, ಮಂಗಳೂರಿನ ಆಸ್ಪತ್ರೆಗಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ದೂರದ ಬಾಡಿಗೆ ಹೋಗುವವರಿಗೆ, ದಾರಿಯಲ್ಲಿ ಬಂಕ್ ಇದ್ದರೆ, ಸಿಎನ್‌ಜಿ. ರೈಲು ಬರುವ ಹೊತ್ತಿಗೆ ಮಾತ್ರ ಸ್ಟ್ಯಾಂಡಿಗೆ ಬರುವವರಿಗೆ ಕಡಿಮೆ ಬೆಲೆಯ ಗಾಡಿಯೇ ಲಾಭ, ಅದು ಪೆಟ್ರೋಲಿನದ್ದಾದರೂ ಸರಿ.

ಷೋರೂಮಿಗೆ ಹೋಗುವ ಮೊದಲು ಒಂದು ವಾರ ಈಗಿನ ರಿಕ್ಷಾದ ಮೀಟರ್ ಬರೆದಿಡಿ: ಬೆಳಗ್ಗೆ ಎಷ್ಟು, ರಾತ್ರಿ ಎಷ್ಟು, ಅದರಲ್ಲಿ ಖಾಲಿ ಓಡಿದ್ದು ಎಷ್ಟು. ಬ್ಯಾಟರಿಯ ಗ್ಯಾರಂಟಿ ಎಷ್ಟು ವರ್ಷ, ಎಷ್ಟು ಕಿ.ಮೀ. ಎಂಬುದನ್ನು ಕಾಗದದಲ್ಲಿ ಕೇಳಿ. ಪರ್ಮಿಟ್ ನಿಯಮ ಬದಲಾಗುತ್ತಿರುವುದರಿಂದ ಆರ್‌ಟಿಒ ಕಚೇರಿಯಲ್ಲೇ ವಿಚಾರಿಸಿ. ಇಷ್ಟು ಕೈಯಲ್ಲಿದ್ದರೆ ಯಾವ ಎಂಜಿನ್ ಎಂದು ಯಾರನ್ನೂ ಕೇಳಬೇಕಾಗಿಲ್ಲ.