ಬಡ ಮಕ್ಕಳಿಗೆ ಪಾಠ ಹೇಳಲು ಹೊರಟವರಿಗೆ: ತಪ್ಪು ಕಲ್ಪನೆ ಮತ್ತು ಸತ್ಯ

ಪರದೇಶದ ಬಡ ಊರೊಂದರ ಶಾಲೆಗೆ ಹೋಗಿ ಕೆಲವು ವಾರ ಪಾಠ ಹೇಳಿ ಬರುವ ರೂಢಿ ಜಗತ್ತಿನ ಹಲವೆಡೆ ಇದೆ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಊರುಗಳಿಗೆ ಪುಣೆ, ಬೆಂಗಳೂರು, ಅಮೆರಿಕದಿಂದ ರಜೆಗೆ ಬರುವವರಿಗೂ ಹುಟ್ಟೂರಿನ ಸರ್ಕಾರಿ ಶಾಲೆಗೆ ಏನಾದರೂ ಮಾಡಬೇಕೆನಿಸುವುದು ಸಹಜ. ಆ ಮನಸ್ಸು ದೊಡ್ಡದು. ಅದು ಮಕ್ಕಳಿಗೆ ದಕ್ಕಬೇಕಾದರೆ ಕೆಲವು ನಂಬಿಕೆಗಳನ್ನು ಬಿಡಬೇಕು.

ತಪ್ಪು ಕಲ್ಪನೆ: ಓದಿದವರು ಯಾರಾದರೂ ಸಣ್ಣ ಮಕ್ಕಳಿಗೆ ಕಲಿಸಬಹುದು.

ಸತ್ಯ: ಚಿಕ್ಕ ಮಕ್ಕಳಿಗೆ ಕಲಿಸುವುದೇ ಕಷ್ಟದ ಕೆಲಸ. ಕನ್ನಡ ಶಾಲೆಯ ನಲಿ-ಕಲಿ ಕೋಣೆಯನ್ನೇ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ಪದ್ಧತಿ ಇದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಇರುತ್ತಾರೆ. ಪ್ರತಿ ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ಹುಡುಕಿ, ಅಲ್ಲಿರುವ ಚಿತ್ರದ ಗುರುತಿನ ಕಾರ್ಡು ತೆಗೆದುಕೊಂಡು ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಯಾರು ಎಲ್ಲಿಯವರೆಗೆ ಬಂದಿದ್ದಾರೆ ಎಂಬುದು ಶಿಕ್ಷಕಿಗೆ ಗೊತ್ತು. ಹೊಸಬರು ಬಂದು ಎಲ್ಲರನ್ನೂ ಹಲಗೆಯ ಮುಂದೆ ಕೂರಿಸಿ ಒಂದೇ ಪಾಠ ಹೇಳಿದರೆ ಆ ಲಯ ತಪ್ಪುತ್ತದೆ. ಶಿಕ್ಷಕಿ ಒಂದು ಗುಂಪಿನೊಡನೆ ಇರುವಾಗ ಇನ್ನೊಂದು ಗುಂಪಿನ ಪಕ್ಕ ಕೂತು ಓದಿಸಿ, ಅದೇ ನಿಜವಾದ ನೆರವು.

ತಪ್ಪು ಕಲ್ಪನೆ: ಪುಕ್ಕಟೆ ಪಾಠ ಹೇಳಿದರೆ ಶಿಕ್ಷಕರ ಕೊರತೆ ನೀಗುತ್ತದೆ.

ಸತ್ಯ: ಖಾಲಿ ಹುದ್ದೆಗೆ ಸರ್ಕಾರ ಗೌರವಧನ ಕೊಟ್ಟು ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುತ್ತದೆ. ಆ ಜಾಗದಲ್ಲಿ ನೀವು ನಿಂತರೆ ಡಿ.ಎಡ್., ಬಿ.ಎಡ್. ಮುಗಿಸಿದ ಊರಿನ ಹುಡುಗಿಯೊಬ್ಬಳ ಕೆಲಸ ಹೋದೀತು. ನೀವು ಹೊರಟ ಮೇಲೆ ಮಕ್ಕಳಿಗೂ ಯಾರೂ ಇರುವುದಿಲ್ಲ.

ತಪ್ಪು ಕಲ್ಪನೆ: ಇಂಗ್ಲಿಷ್ ಕಲಿಸಿದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಸತ್ಯ: ನಿಪ್ಪಾಣಿ, ಕಾಗವಾಡದ ಕಡೆ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ ಆಡುವ ಮಕ್ಕಳು ಬಹಳ. ತಿಳಿದ ಭಾಷೆಯಲ್ಲಿ ನಿರರ್ಗಳವಾಗಿ ಓದಿ ಅರ್ಥಮಾಡಿಕೊಳ್ಳುವ ಮಗುವಿಗೆ ಮತ್ತೊಂದು ಭಾಷೆ ಹತ್ತುವುದು ಸುಲಭ. ಶಾಲೆಯ ಮಾಧ್ಯಮ ಯಾವುದೆಂದು ಮೊದಲು ಕೇಳಿ, ಆ ಭಾಷೆಯ ಕಥೆಪುಸ್ತಕ ಹಿಡಿದು ಹೋಗಿ.

ತಪ್ಪು ಕಲ್ಪನೆ: ಕಬ್ಬು ಕಡಿಯುವವರಿಗೆ ಮಕ್ಕಳ ಓದು ಬೇಕಿಲ್ಲ.

ಸತ್ಯ: ಕಬ್ಬು ನುರಿಸುವ ಹಂಗಾಮು ಬಂತೆಂದರೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯಂಥ ಕಡೆಯಿಂದ ಕಡಿಯುವವರ ಗ್ಯಾಂಗುಗಳು ಈ ಭಾಗಕ್ಕೆ ಬಂದು ಹೊಲದ ಬದಿ, ಕಾರ್ಖಾನೆ ಬಳಿ ಗುಡಿಸಲು ಹಾಕುತ್ತವೆ. ಗಂಡ-ಹೆಂಡತಿ ಇಬ್ಬರೂ ನಸುಕಿನಲ್ಲೇ ಕಡಿತಕ್ಕೆ ಹೋದರೆ ಕೂಸನ್ನು ನೋಡಿಕೊಳ್ಳುವವಳು ಎಂಟು-ಒಂಬತ್ತು ವರ್ಷದ ಅಕ್ಕ. ಅವಳು ಶಾಲೆ ತಪ್ಪಿಸುವುದು ಅದಕ್ಕೇ. ತಮ್ಮ ಊರಲ್ಲಿ ಹೆಸರು ಹಚ್ಚಿದ ಶಾಲೆ ದೂರ ಉಳಿದಿರುತ್ತದೆ, ಇಲ್ಲಿಯ ಶಾಲೆಯ ಭಾಷೆಯೂ ಬೇರೆ ಇರಬಹುದು.

2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ವರ್ಗಾವಣೆ ಪತ್ರ ತಡವಾಯಿತೆಂದೋ ವಯಸ್ಸಿನ ದಾಖಲೆ ಇಲ್ಲವೆಂದೋ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಇದು ಬಹಳಷ್ಟು ಪಾಲಕರಿಗೆ ಗೊತ್ತಿಲ್ಲ. ಗುಡಿಸಲಿಗೆ ಹೋಗಿ ತಿಳಿಸಿ, ಅಕ್ಕನನ್ನು ಶಾಲೆಗೂ ಕೂಸನ್ನು ಅಂಗನವಾಡಿಗೂ ಕರೆದೊಯ್ದರೆ, ಅದು ಹತ್ತು ಪಾಠಕ್ಕಿಂತ ಹೆಚ್ಚಿನ ಸೇವೆ.

ತಪ್ಪು ಕಲ್ಪನೆ: ಒಳ್ಳೆಯ ಕೆಲಸಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ.

ಸತ್ಯ: ಶಾಲೆಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ, ಅದರಲ್ಲಿ ಪಾಲಕರೇ ಇದ್ದಾರೆ. ಮುಖ್ಯಶಿಕ್ಷಕರು, ಎಸ್‌ಡಿಎಂಸಿ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಯ ಒಪ್ಪಿಗೆ ಪಡೆದೇ ಕೋಣೆಯೊಳಗೆ ಕಾಲಿಡಿ. ಪಾಲಕರನ್ನು ಕೇಳದೆ ಮಕ್ಕಳ ಫೋಟೋ ಹಂಚಬೇಡಿ. ಅವರ ಬಡತನ ನಮ್ಮ ಔದಾರ್ಯದ ಸಾಕ್ಷಿಯಾಗಬಾರದು.

ಹದಿನೈದು ದಿನ ಬಂದು ಹೋಗುವುದಕ್ಕಿಂತ ವರ್ಷವಿಡೀ ವಾರಕ್ಕೊಂದು ತಾಸು ಕೊಡುವುದು ಮೇಲು. ರಾಯಬಾಗ, ಅಥಣಿಯಲ್ಲೇ ನೆಲೆಸಿರುವ ನಿವೃತ್ತರು, ಕಾಲೇಜು ವಿದ್ಯಾರ್ಥಿಗಳಿಗೆ ಇದು ಸಾಧ್ಯ. ದೂರದವರು ಅಂಥವರಿಗೆ ಪುಸ್ತಕ ಒದಗಿಸಿ, ಬೆನ್ನಿಗೆ ನಿಲ್ಲಲಿ. ಹೋದಾಗ ಶಿಕ್ಷಕರಿಗೆ ಕೇಳಬೇಕಾದ ಮೊದಲ ಮಾತು ಒಂದೇ: “ನಿಮಗೆ ಯಾವ ಕೆಲಸದಲ್ಲಿ ಕೈ ಬೇಕು?”