ಅಮೆರಿಕದ ಹೊಲಿಗೆ ಶಿಬಿರದಲ್ಲಿ ಉತ್ತರ ಕನ್ನಡದ ಕವಂದಿ

ಉತ್ತರ ಕರ್ನಾಟಕದವರಿಗೆ ಕೌದಿಯ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಸವೆದ ಸೀರೆ, ಧೋತರ, ಕುಪ್ಪಸಗಳನ್ನು ಒಂದರ ಮೇಲೊಂದು ಹಾಸಿ, ದಪ್ಪ ದಾರದಲ್ಲಿ ಹೊಲಿದ ಆ ಹೊದಿಕೆಯಡಿ ಮಲಗದೆ ಬೆಳೆದವರು ಆ ಸೀಮೆಯಲ್ಲಿ ವಿರಳ. ಇದೇ ಕೌದಿಯ ಹತ್ತಿರದ ಬಂಧು ‘ಕವಂದಿ’. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ತಲೆಮಾರುಗಳಿಂದ ಹೊಲಿಯುತ್ತ ಬಂದಿರುವ ಹೊದಿಕೆ ಅದು. ಕಳೆದ ಕೆಲವು ವರ್ಷಗಳಿಂದ ಅಮೆರಿಕದ ಹವ್ಯಾಸಿ ಹೊಲಿಗೆ ಶಿಬಿರಗಳಲ್ಲಿ ಕಲಿಸಲಾಗುವ ಕೆಲಸಗಳ ಪಟ್ಟಿಯಲ್ಲಿ ಅದರ ಹೆಸರೂ ಸೇರಿಕೊಂಡಿದೆ. ಕಾಡಂಚಿನ ಗುಡಿಸಲಿನ ಹೊದಿಕೆ ಅಲ್ಲಿಗೆ ತಲುಪಿದ್ದು ಹೇಗೆ, ಅಲ್ಲಿ ಅದು ಯಾವ ರೂಪ ತಾಳುತ್ತದೆ ಎಂಬುದು ತಿಳಿಯಬೇಕಾದ ಸಂಗತಿ.

ಏನಿದು ಶಿಬಿರ?

ಅಮೆರಿಕದಲ್ಲಿ ‘ಕ್ವಿಲ್ಟ್’ ಎಂದರೆ ಮೂರು ಪದರಗಳ ಹೊದಿಕೆ. ಮೇಲೆ ತುಂಡುಬಟ್ಟೆಗಳನ್ನು ಜೋಡಿಸಿ ಮಾಡಿದ ವಿನ್ಯಾಸ, ನಡುವೆ ಹತ್ತಿ ಅಥವಾ ಪಾಲಿಯೆಸ್ಟರ್‌ನ ತೆಳು ಹಾಸು, ಕೆಳಗೆ ಅಸ್ತರಿ. ಮೂರನ್ನೂ ಹಿಡಿದಿಡುವ ಹೊಲಿಗೆಯೇ ಕ್ವಿಲ್ಟಿಂಗ್. ಒಂದು ಕಾಲಕ್ಕೆ ಮನೆಯ ಅಗತ್ಯವಾಗಿದ್ದ ಈ ಕೆಲಸ ಕಾರ್ಖಾನೆಯ ಕಂಬಳಿಗಳು ಅಗ್ಗವಾದ ಮೇಲೆ ಹಿಂದೆ ಸರಿಯಿತು. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಹಳೆಯ ಕ್ವಿಲ್ಟ್‌ಗಳನ್ನು ವರ್ಣಚಿತ್ರಗಳಂತೆ ಗೋಡೆಗೆ ತೂಗುಹಾಕಿ ಪ್ರದರ್ಶಿಸಿತು. 1976ರಲ್ಲಿ ಅಮೆರಿಕ ಸ್ವಾತಂತ್ರ್ಯದ ದ್ವಿಶತಮಾನೋತ್ಸವ ಬಂದಾಗ ಅಜ್ಜಿಯರ ಕಾಲದ ಕಸುಬುಗಳ ಮೇಲೆ ಮತ್ತೆ ಮೋಹ ಮೂಡಿತು. 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ತಂದ, ಪಿಜ್ಜಾ ಕತ್ತರಿಸುವ ಚಕ್ರದಂತಹ ‘ರೋಟರಿ ಕಟರ್’ ಕತ್ತರಿಯ ಕೆಲಸವನ್ನು ಹಲವು ಪಟ್ಟು ಚುರುಕುಗೊಳಿಸಿತು. ಇಂದು ಕ್ವಿಲ್ಟಿಂಗ್ ಅಲ್ಲಿ ಬಟ್ಟೆ, ಯಂತ್ರ, ಪುಸ್ತಕ, ತರಗತಿಗಳ ದೊಡ್ಡ ಉದ್ಯಮ.

ಶಿಬಿರ, ಅಲ್ಲಿನವರ ಮಾತಿನಲ್ಲಿ ‘ರಿಟ್ರೀಟ್’, ಈ ಹವ್ಯಾಸದ ಹಬ್ಬ. ಸಾಮಾನ್ಯವಾಗಿ ಗುರುವಾರ ಅಥವಾ ಶುಕ್ರವಾರ ಸಂಜೆ ಆರಂಭವಾಗಿ ಭಾನುವಾರ ಮಧ್ಯಾಹ್ನ ಮುಗಿಯುತ್ತದೆ. ಊರಾಚೆಯ ಅತಿಥಿಗೃಹ ಅಥವಾ ಚರ್ಚಿನ ಶಿಬಿರ ತಾಣದಲ್ಲಿ ಹತ್ತಿಪ್ಪತ್ತು ಮಂದಿ ಸೇರುತ್ತಾರೆ. ಪ್ರತಿಯೊಬ್ಬರಿಗೂ ಒಂದು ಮೇಜು, ತಮ್ಮದೇ ಹೊಲಿಗೆ ಯಂತ್ರ. ಇಸ್ತ್ರಿ ಮೇಜು ಮಾತ್ರ ಎಲ್ಲರಿಗೂ ಸೇರಿದ್ದು. ಅಡುಗೆ ಬೇರೆಯವರ ಜವಾಬ್ದಾರಿ. ಬರುವವರಲ್ಲಿ ಹೆಚ್ಚಿನವರು ಮಹಿಳೆಯರು, ನಿವೃತ್ತರೇ ಬಹಳ. ಮೂರು ದಿನ ಯಾರಿಗೂ ಊಟ ಬಡಿಸದೆ ಕೂತು ಹೊಲಿಯುವುದೇ ಶಿಬಿರದ ದೊಡ್ಡ ಆಕರ್ಷಣೆ ಎಂದರೆ ನಮ್ಮ ಓದುಗ ಮಹಿಳೆಯರಿಗೆ ಹೆಚ್ಚು ವಿವರಣೆ ಬೇಕಾಗದು.

ಅಲ್ಲಿ ತಯಾರಾಗುವುದೇನು? ಮೊದಲ ಸ್ಥಾನ ಅರ್ಧಕ್ಕೆ ನಿಂತ ಕೆಲಸಗಳಿಗೆ. ಅವುಗಳಿಗೆ ‘ಯುಎಫ್ಓ’ ಎಂಬ ಅಡ್ಡಹೆಸರಿದೆ. ಹಾರುವ ತಟ್ಟೆಯಲ್ಲ, ‘ಅನ್‌ಫಿನಿಶ್ಡ್ ಆಬ್ಜೆಕ್ಟ್’, ಅಂದರೆ ಮುಗಿಯದೆ ಉಳಿದ ವಸ್ತು. ವರ್ಷಗಟ್ಟಲೆ ಕಪಾಟಿನಲ್ಲಿದ್ದ ತುಂಡುಗಳು ಇಲ್ಲಿ ಹೊರಬರುತ್ತವೆ. ಕೈಚೀಲ, ಸೂಜಿದಿಂಬು, ಮೇಜಿನ ಹಾಸುಗಳಂತಹ ಚಿಕ್ಕ ಕೆಲಸಗಳೂ ಇವೆ. ‘ಜೆಲ್ಲಿ ರೋಲ್’ ಎಂಬ ಸ್ಪರ್ಧೆಯೊಂದಿದೆ: ಎರಡೂವರೆ ಇಂಚು ಅಗಲದ ಸುಮಾರು 40 ಪಟ್ಟಿಗಳನ್ನು ತುದಿಗೆ ತುದಿ ಸೇರಿಸಿದರೆ ಸುಮಾರು 1600 ಇಂಚಿನ ಒಂದೇ ಪಟ್ಟಿಯಾಗುತ್ತದೆ. ಅದನ್ನು ಅರ್ಧಕ್ಕೆ ಮಡಿಸಿ ಉದ್ದಕ್ಕೂ ಹೊಲಿಯುವುದು, ಮತ್ತೆ ಮಡಿಸುವುದು, ಹೀಗೆ ಐದು ಸಲ ಮಾಡಿದರೆ 50 ಇಂಚು ಉದ್ದ, 64 ಇಂಚು ಅಗಲದ ಮೇಲ್ಪದರ ಸಿದ್ಧ. ಯಂತ್ರ ಚುರುಕಾಗಿದ್ದರೆ ಗಂಟೆ ಒಂದೆರಡರಲ್ಲಿ ಮುಗಿಯುತ್ತದೆ. ದಾನಕ್ಕಾಗಿ ಹೊಲಿಯುವವರೂ ಇದ್ದಾರೆ. ಯುದ್ಧಭೂಮಿಯಿಂದ ಮರಳಿದ ಸೈನಿಕರಿಗೆ ಹೊದಿಸಲೆಂದು 2003ರಲ್ಲಿ ಆರಂಭವಾದ ‘ಕ್ವಿಲ್ಟ್ಸ್ ಆಫ್ ವ್ಯಾಲರ್’ ಅಂತಹ ಒಂದು ಯತ್ನ.

ಯಂತ್ರಗಳ ಈ ಸದ್ದಿನ ನಡುವೆ ಕೈಸೂಜಿಯೊಂದನ್ನೇ ಬೇಡುವ ಕೆಲಸ ಕವಂದಿ.

ಹೊರಗಿನಿಂದ ಒಳಗೆ

ಸಿದ್ದಿಯರು ಆಫ್ರಿಕಾ ಮೂಲದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವಾ ಕರಾವಳಿಗೆ ತರಲಾದವರ ಸಂತತಿಯಲ್ಲಿ ಅನೇಕರು ಘಟ್ಟದ ಕಾಡುಗಳನ್ನು ಸೇರಿ ನೆಲೆ ನಿಂತರು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಮನೆಮಾತು ಕೊಂಕಣಿಯ ಒಂದು ಬಗೆ, ಹೊರಗೆ ಕನ್ನಡ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ.

ಕವಂದಿಯ ಹೊಲಿಗೆ ಕ್ರಮ ಅಮೆರಿಕದ ಕ್ವಿಲ್ಟ್‌ಗೆ ತದ್ವಿರುದ್ಧ. ಅಲ್ಲಿ ಮೊದಲು ಅಳತೆ ಮಾಡಿ ಕತ್ತರಿಸಿದ ತುಂಡುಗಳಿಂದ ಚೌಕಗಳು, ಚೌಕಗಳಿಂದ ಮೇಲ್ಪದರ, ಆಮೇಲೆ ಮೂರು ಪದರಗಳನ್ನು ಸೇರಿಸಿ ನಡುವಿನಿಂದ ಹೊರಕ್ಕೆ ಹೊಲಿಗೆ, ಕಟ್ಟಕಡೆಗೆ ಅಂಚುಪಟ್ಟಿ. ನಡುವಿನಿಂದ ಆರಂಭಿಸದಿದ್ದರೆ ಬಟ್ಟೆ ಉಬ್ಬಿ ಸುಕ್ಕುಗಟ್ಟುತ್ತದೆ ಎಂಬುದು ಅಲ್ಲಿನ ಮೊದಲ ಪಾಠ.

ಸಿದ್ದಿ ಮಹಿಳೆ ಅಂಚಿನಿಂದಲೇ ಆರಂಭಿಸುತ್ತಾಳೆ. ಹಳೆಯ ಹತ್ತಿ ಸೀರೆಯನ್ನು ಬೇಕಾದ ಅಳತೆಗೆ ಹಾಸಿ, ಅದರ ಅಂಚನ್ನು ಒಳಕ್ಕೆ ಮಡಿಸಿ, ಒಂದು ಮೂಲೆಯಲ್ಲಿ ಮೊದಲ ತುಂಡನ್ನಿಟ್ಟು ಹೊಲಿಯತೊಡಗುತ್ತಾಳೆ. ತುಂಡಿನ ಅಂಚನ್ನು ಉಗುರಿನಿಂದ ಗೀರಿ ಮಡಿಸುವುದು, ಹಿಂದಿನ ತುಂಡಿನ ಹಸಿ ಅಂಚು ಮುಚ್ಚುವಂತೆ ಮುಂದಿನದನ್ನು ಇಡುವುದು, ಸಾದಾ ಓಟದ ಹೊಲಿಗೆಯಲ್ಲಿ ಮುಂದೆ ಸಾಗುವುದು. ನಾಲ್ಕೂ ಬದಿ ಸುತ್ತಿ ಬಂದ ಮೇಲೆ ಎರಡನೆಯ ಸುತ್ತು, ಮೂರನೆಯದು, ಹೀಗೆ ಒಳಕ್ಕೊಳಕ್ಕೆ ಸಾಗಿ ನಡುವಿನಲ್ಲಿ ಮುಗಿಯುತ್ತದೆ. ತುಂಡುಗಳನ್ನು ಕೂಡಿಸುವುದೂ ಪದರಗಳನ್ನು ಬಂಧಿಸುವುದೂ ಒಂದೇ ಹೊಲಿಗೆ. ಚೌಕಟ್ಟಿಲ್ಲ, ನಕ್ಷೆಯಿಲ್ಲ, ಗೆರೆ ಎಳೆಯುವುದಿಲ್ಲ.

ಹಾಗಾದರೆ ಅದೇಕೆ ಸುಕ್ಕುಗಟ್ಟುವುದಿಲ್ಲ? ತುಂಡುಗಳನ್ನು ಮುಂಚಿತವಾಗಿ ಕತ್ತರಿಸಿಡದಿರುವುದೇ ಕಾರಣ. ಬಟ್ಟೆ ಎಲ್ಲಿ ಸಡಿಲಾಯಿತು, ಎಲ್ಲಿ ಬಿಗಿಯಾಯಿತು ಎಂಬುದನ್ನು ಅಂಗೈ ಸವರಿ ಅರಿತು, ಮುಂದಿನ ತುಂಡಿನ ಅಳತೆಯನ್ನು ಆ ಕ್ಷಣಕ್ಕೆ ನಿರ್ಧರಿಸಲಾಗುತ್ತದೆ. ತಪ್ಪು ಒಂದೇ ಕಡೆ ರಾಶಿ ಬೀಳದೆ ಸುತ್ತಿನಿಂದ ಸುತ್ತಿಗೆ ಹಂಚಿಹೋಗುತ್ತದೆ. ಕೆಲವು ಬಾರಿ ಒಂದಿಷ್ಟು ಉಬ್ಬು ಉಳಿಯುವುದುಂಟು. ಅದನ್ನು ದೋಷವೆಂದು ಎಣಿಸುವ ರೂಢಿ ಇಲ್ಲಿಲ್ಲ.

ಮುಗಿದ ಮೇಲೆ, ಮಡಿಸಿ ಮಾಡಿದ ತ್ರಿಕೋನಗಳನ್ನು ನಾಲ್ಕು ಮೂಲೆಗಳಲ್ಲಿ ಕೂಡಿಸಬೇಕು. ಅವುಗಳ ಹೆಸರು ‘ಫೂಲ’, ಅಂದರೆ ಹೂವು. ಬಳಕೆಗೆ ಅವು ಬೇಕೇ ಬೇಕೆಂದಿಲ್ಲ. ಆದರೆ ಫೂಲ ಇಲ್ಲದ ಕವಂದಿ ಬೆತ್ತಲೆ ಎಂಬುದು ಸಿದ್ದಿ ಮಹಿಳೆಯರ ಎಣಿಕೆ. ದೊಡ್ಡ ತುಂಡುಗಳ ಮೇಲೆ ಅಲಂಕಾರಕ್ಕೆಂದು ಕೂಡಿಸುವ ಪುಟ್ಟ, ಹೊಳಪುಬಣ್ಣದ ಚೂರುಗಳಿಗೆ ‘ಟಿಕೇಲಿ’ ಎನ್ನುತ್ತಾರೆ. ಕೂಸಿನ ಕವಂದಿಯಲ್ಲಿ ಅವು ಹೆಚ್ಚು. ಕ್ರೈಸ್ತ ಮನೆಯ ಕವಂದಿಯಲ್ಲಿ ಶಿಲುಬೆಯೂ ಮುಸ್ಲಿಂ ಮನೆಯದರಲ್ಲಿ ಅರ್ಧಚಂದ್ರವೂ ಕಾಣಸಿಗುವುದುಂಟು.

ಕಡಲಾಚೆಗೆ ಹೋದದ್ದು

ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾ ಕಲೆಯ ಇತಿಹಾಸ ಬೋಧಿಸುತ್ತಿದ್ದ ಹೆನ್ರಿ ಡ್ರೂವಲ್ ಅವರು ಆಫ್ರಿಕಾ ಮೂಲದವರ ಕಲೆಯನ್ನು ಅರಸುತ್ತ ಉತ್ತರ ಕನ್ನಡಕ್ಕೆ ಬಂದರು. ಅವರ ಗಮನ ಸೆಳೆದದ್ದು ಬೇಲಿಯ ಮೇಲೆ, ಮಂಚದ ಮೇಲೆ ಇದ್ದ ಈ ಹೊದಿಕೆಗಳು. 2004ರ ಸುಮಾರಿಗೆ ಸಿದ್ದಿ ಮಹಿಳೆಯರ ಕವಂದಿ ಸಹಕಾರಿ ಗುಂಪೊಂದು ರೂಪುಗೊಂಡಿತು. ಹೊಲಿದದ್ದನ್ನು ಹೊರಗೆ ಮಾರುವ ದಾರಿ ತೆರೆಯಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಷಾಂಬರ್ಗ್ ಕೇಂದ್ರದಲ್ಲಿ ‘ಸೋಲ್‌ಫುಲ್ ಸ್ಟಿಚಿಂಗ್’ ಹೆಸರಿನಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಅಲ್ಲಿಂದ ಮುಂದೆ ಕ್ವಿಲ್ಟ್ ಕಲಾವಿದರು, ವಿಡಿಯೊಗಳು, ತರಗತಿಗಳ ಮೂಲಕ ಕ್ರಮ ಹರಡಿತು.

ಶಿಬಿರಕ್ಕೆ ಅದು ಹೇಳಿ ಮಾಡಿಸಿದ ಕೆಲಸ. ಯಂತ್ರ ಹೊತ್ತೊಯ್ಯಬೇಕಿಲ್ಲ, ವಿದ್ಯುತ್ ಬೇಕಿಲ್ಲ, ಹರಟುತ್ತ ಹೊಲಿಯಬಹುದು, ವರ್ಷಗಳಿಂದ ಉಳಿದ ಚೂರುಬಟ್ಟೆ ಖರ್ಚಾಗುತ್ತದೆ. ಅಳತೆಯ ಕಟ್ಟುನಿಟ್ಟಿಗೆ ಬೇಸತ್ತವರಿಗೆ ಅದೊಂದು ಬಿಡುಗಡೆ. ನಡುವಿನ ಕಡೆಯ ತುಂಡನ್ನು ಮುಚ್ಚುವ ಮುನ್ನ ಒಂದೆರಡು ಅಕ್ಕಿಕಾಳು ಇಡಬೇಕು, ಕವಂದಿಯ ಹೊಟ್ಟೆ ಖಾಲಿ ಇರಬಾರದು ಎಂದು ಕಲಿಸುವವರೂ ಇದ್ದಾರೆ. ಸೋಪಿನಲ್ಲಿ ಒಗೆಯುವ ಬಟ್ಟೆಯಲ್ಲಿ ಅಕ್ಕಿ ಏನಾದೀತು ಎಂಬ ಪ್ರಶ್ನೆಯನ್ನು ಶಿಬಿರಾರ್ಥಿಗಳು ಕೇಳದೆ ಇರಲಾರರು!

ಆದರೆ ಶಿಬಿರದ ಕವಂದಿ ಚಿಕ್ಕದು. ಬಿಸಿಪಾತ್ರೆ ಹಿಡಿಯುವ ಬಟ್ಟೆ, ತಟ್ಟೆಯಡಿಯ ಹಾಸು, ದಿಂಬಿನ ಗವಸು ಅಥವಾ ಗೋಡೆಗೆ ತೂಗುವ ಒಂದೂವರೆ ಅಡಿಯ ಚೌಕ. ಕಾರಣ ಲೆಕ್ಕದಲ್ಲಿದೆ. ಸಾಲುಗಳ ನಡುವೆ ಅರ್ಧ ಇಂಚು ಅಂತರ, ಇಂಚಿಗೆ ನಾಲ್ಕು ಹೊಲಿಗೆ, ನಿಮಿಷಕ್ಕೆ 20 ಹೊಲಿಗೆ ಎಂದು ಹಿಡಿಯೋಣ. 18 ಇಂಚಿನ ಚೌಕಕ್ಕೆ ಸುಮಾರು 2,600 ಹೊಲಿಗೆ, ಎರಡು ಗಂಟೆಗಿಂತ ತುಸು ಹೆಚ್ಚು ಸಮಯ. ಐದು ಅಡಿ ಅಗಲ, ಆರು ಅಡಿ ಉದ್ದದ, ಮಲಗಲು ಯೋಗ್ಯವಾದ ಕವಂದಿಗೆ ಅದೇ ಲೆಕ್ಕದಲ್ಲಿ ಸುಮಾರು 220 ಮೀಟರ್ ಹೊಲಿಗೆ ಸಾಲು, 34,560 ಹೊಲಿಗೆ, ಸೂಜಿ ಒಮ್ಮೆಯೂ ನಿಲ್ಲದಿದ್ದರೆ ಸುಮಾರು 29 ಗಂಟೆ. ಬಟ್ಟೆ ಆರಿಸುವುದು, ಮಡಿಸುವುದು, ದಾರ ಪೋಣಿಸುವುದು, ಬೆರಳಿಗೆ ವಿಶ್ರಾಂತಿ ಕೊಡುವುದು ಇದರಲ್ಲಿ ಸೇರಿಲ್ಲ. ಗದ್ದೆ ಕೂಲಿ, ಮನೆಗೆಲಸ ಮುಗಿದ ಮೇಲಿನ ಬಿಡುವಿನಲ್ಲಿ ಇದನ್ನು ಹೊಲಿಯುವವರಿಗೆ ವಾರಗಳೇ ಹಿಡಿಯುತ್ತವೆ. ಒಂದು ದೊಡ್ಡ ಕವಂದಿಯ ಬೆಲೆ ಕೇಳಿ ಹೌಹಾರುವ ನಗರದ ಗ್ರಾಹಕರು ಈ 29 ಗಂಟೆಗಳನ್ನು ದಿನಗೂಲಿಯ ದರದಲ್ಲಿ ಗುಣಿಸಿ ನೋಡಬಹುದು.

ಬಟ್ಟೆಯಲ್ಲಿಯೂ ವ್ಯತ್ಯಾಸವಿದೆ. ಸಿದ್ದಿ ಮನೆಯಲ್ಲಿ ಕವಂದಿ ಸವೆದ ಬಟ್ಟೆಯ ಎರಡನೆಯ ಜನ್ಮ. ಹಲವು ಒಗೆತ ಕಂಡ ಹತ್ತಿಬಟ್ಟೆ ಮೃದುವಾಗಿ, ಇನ್ನು ಕುಗ್ಗದಂತಾಗಿ, ಸೂಜಿಗೆ ಸುಲಭವಾಗಿ ಒಲಿಯುತ್ತದೆ. ಶಿಬಿರದಲ್ಲಿ ಬಳಕೆಯಾಗುವುದು ಬಹುಪಾಲು ಅಂಗಡಿಯಿಂದ ತಂದ ಹೊಸ ಹತ್ತಿಬಟ್ಟೆ. ಅದು ಬಿರುಸು, ಮಡಿಸಿದ ಎರಡು ಮೂರು ಪದರ ಸೇರಿದಲ್ಲಿ ಸೂಜಿ ತೂರದು. ಅನುಭವಸ್ಥರು ಹಳೆಯ ಅಂಗಿ, ಹಾಸಿಗೆ ಹೊದಿಕೆ ತನ್ನಿರೆಂದು ಹೇಳುವುದು ಭಾವುಕತೆಯಿಂದಲ್ಲ, ಬೆರಳಿನ ಮೇಲಿನ ಕರುಣೆಯಿಂದ.

ಹೆಸರು ಯಾರದು, ಗಳಿಕೆ ಯಾರದು?

ತೊಡಕಿರುವುದು ಇಲ್ಲಿ. ಓಟದ ಹೊಲಿಗೆ ಯಾರೊಬ್ಬರ ಸ್ವತ್ತೂ ಅಲ್ಲ. ಬಂಗಾಳದ ಕಾಂಥಾದಿಂದ ಜಪಾನಿನ ಸಾಶಿಕೊವರೆಗೆ ಬಡವರ ಬಟ್ಟೆಯನ್ನು ಹಿಡಿದಿಟ್ಟದ್ದು ಅದೇ. ಅಂಚಿನಿಂದ ಒಳಕ್ಕೆ ಹೊಲಿಯುವ ಕ್ರಮವನ್ನು ಕಲಿತ ಅಮೆರಿಕದ ನಿವೃತ್ತ ಶಿಕ್ಷಕಿಯನ್ನು ದೂರುವುದು ಅನ್ಯಾಯ. ಆದರೆ ತರಗತಿಗೆ ಶುಲ್ಕವಿದೆ, ಮಾದರಿ ಹಾಳೆಗೆ ಬೆಲೆಯಿದೆ, ಹೊಲಿದು ಕಲಿಸುವವರಿಗೆ ಸಂಭಾವನೆಯಿದೆ. ಕ್ರಮ ಎರಡು ಮೂರು ಕೈ ದಾಟುವಷ್ಟರಲ್ಲಿ ‘ಸಿದ್ದಿ’ ಎಂಬ ಮಾತು ಉದುರಿ ‘ಕವಂದಿ ಶೈಲಿ’ ಎಂಬುದಷ್ಟೇ ಉಳಿಯುವ ಅಪಾಯವೂ ಇದೆ.

ಇಂತಹ ಪ್ರಶ್ನೆಯನ್ನು ಅಮೆರಿಕದ ಒಳಗೇ ಎದುರಿಸಿದವರಿದ್ದಾರೆ. ಅಲಬಾಮಾ ರಾಜ್ಯದ ನದಿತಿರುವಿನಲ್ಲಿರುವ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಮಹಿಳೆಯರು ಗುಲಾಮಗಿರಿಯ ಕಾಲದವರ ಸಂತತಿ. ಹಳೆಯ ಕೆಲಸದ ಬಟ್ಟೆಗಳಿಂದ ಅವರು ಹೊಲಿದ ಕ್ವಿಲ್ಟ್‌ಗಳು ಜಗತ್ಪ್ರಸಿದ್ಧ. 1966ರಲ್ಲಿ ಆ ಸೀಮೆಯಲ್ಲಿ ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರಿ ಸಂಘ ಹುಟ್ಟಿತು. 2002ರ ಮ್ಯೂಸಿಯಂ ಪ್ರದರ್ಶನ ದೇಶದ ಗಮನ ಸೆಳೆಯಿತು, 2006ರಲ್ಲಿ ಅಂಚೆಚೀಟಿಗಳೂ ಬಂದವು. ಕೀರ್ತಿಯಷ್ಟು ಹಣ ತಮಗೆ ತಲುಪಿಲ್ಲವೆಂದು 2007ರಲ್ಲಿ ಕೆಲವರು ನ್ಯಾಯಾಲಯದ ಮೆಟ್ಟಿಲೇರಿದರು. ಮರುವರ್ಷ ಆ ಪ್ರಕರಣಗಳು ಇತ್ಯರ್ಥವಾದವು. ಈಗ ಆ ಊರಿನ ಮಹಿಳೆಯರೇ ಶಿಬಿರಗಳಿಗೆ ಹೋಗಿ ಕಲಿಸುತ್ತಾರೆ, ಸಂಭಾವನೆ ಪಡೆಯುತ್ತಾರೆ. 2022ರಿಂದ ತಮ್ಮ ಊರಿನಲ್ಲಿಯೇ ಕ್ವಿಲ್ಟ್‌ಗಳನ್ನು ಬಿಸಿಲಿಗೆ ಹರವುವ ಹಬ್ಬ ಆರಂಭಿಸಿದ್ದಾರೆ. ಕೊಳ್ಳುವವರು ಅಲ್ಲಿಗೇ ಬರುತ್ತಾರೆ.

ಯಲ್ಲಾಪುರ, ಹಳಿಯಾಳಗಳಿಗೆ ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ ಪ್ರಯಾಣ. ನಮ್ಮ ನಗರಗಳಲ್ಲೂ ವಾರಾಂತ್ಯದ ಹೊಲಿಗೆ, ಕಸೂತಿ ತರಗತಿಗಳಿಗೆ ಜನ ಹಣ ತೆತ್ತು ಹೋಗುತ್ತಿದ್ದಾರೆ. ಕವಂದಿ ಕಲಿಸಲು ಸಿದ್ದಿ ಮಹಿಳೆಯನ್ನೇ ಕರೆಸಿ, ಪ್ರಯಾಣದ ಖರ್ಚಿನ ಮೇಲೆ ದಿನದ ಗೌರವಧನ ಕೊಡುವುದು ಸಂಘಟಕರಿಗೆ ಹೊರಲಾರದ ಹೊರೆಯೇನಲ್ಲ.

ಕೊಳ್ಳುವವರಿಗೆ ಒಂದು ಸೂಚನೆ. ಕವಂದಿಯನ್ನು ಕೈಗೆತ್ತಿಕೊಂಡಾಗ ಮೇಲ್ಭಾಗದ ಬಣ್ಣಕ್ಕೆ ಮರುಳಾಗುವ ಮುನ್ನ ಮಗುಚಿ ಹಿಂಬದಿ ನೋಡಬೇಕು. ಯಂತ್ರದಲ್ಲಿ ಹೊಲಿದ ಅನುಕರಣೆಯಾದರೆ ಗೆರೆಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಓಡಿರುತ್ತವೆ. ಕೈಯಲ್ಲಿ ಹೊಲಿದದ್ದಾದರೆ ಸೀರೆಯ ಮೇಲೆ ಒಂದರೊಳಗೊಂದು ಚೌಕಗಳಂತೆ ಹೊಲಿಗೆ ಸುತ್ತುತ್ತ ಬಂದು, ನಡುವಿನಲ್ಲಿ ಒಂದು ಸಣ್ಣ ಗಂಟಿಗೆ ಮುಗಿದಿರುತ್ತದೆ.