ಗ್ಯಾಸಿನ ವಾಸನೆಯ ಹಿಂದೆ ಒಂದು ಶಾಲೆ

ಪ್ರಶ್ನೆ: ಅಡುಗೆ ಗ್ಯಾಸಿಗೆ ಸ್ವಂತ ವಾಸನೆಯೇ ಇಲ್ಲವಂತೆ, ನಿಜವೇ? ಹಾಗಿದ್ದರೆ ಅದಕ್ಕೆ ವಾಸನೆ ಬೆರೆಸಲೇಬೇಕೆಂಬ ನಿಯಮ ಹೇಗೆ ಬಂತು?

ನಿಜ. ನಮ್ಮ ಮೂಗಿಗೆ ಬಡಿಯುವುದು ಬೇಕೆಂದೇ ಸೇರಿಸಿದ ಈಥೈಲ್ ಮರ್ಕ್ಯಾಪ್ಟನ್. ಹೀಗೆ ವಾಸನೆ ಬೆರೆಸುವ ಉಪಾಯ ಮೊದಲೇ ಗೊತ್ತಿತ್ತು. ಅದು ಕಾನೂನಾಗಲು ಮಾತ್ರ ಅಮೆರಿಕದ ಟೆಕ್ಸಸ್‌ನಲ್ಲಿ ಒಂದು ಶಾಲೆಯೇ ಸಿಡಿಯಬೇಕಾಯಿತು.

ನ್ಯೂ ಲಂಡನ್ ಎಂಬ ಆ ಊರಲ್ಲಿ ಎಣ್ಣೆಬಾವಿಗಳ ದುಡ್ಡು ಧಾರಾಳವಾಗಿತ್ತು, ಶಾಲೆಯ ಕಟ್ಟಡವೂ ಭರ್ಜರಿ. ಆದರೂ ಖರ್ಚು ಉಳಿಸಲೆಂದು ಶಾಲೆಯವರು ಗ್ಯಾಸ್ ಕಂಪನಿಯ ಸಂಪರ್ಕ ಬಿಟ್ಟು, ಪಕ್ಕದ ಪೈಪಿನಲ್ಲಿ ಪುಕ್ಕಟೆ ಸಿಗುತ್ತಿದ್ದ ಕಚ್ಚಾ ಅನಿಲ ಎಳೆದುಕೊಂಡರು. ಅದು ಸೋರಿ ನೆಲದಡಿಯ ಪೊಳ್ಳು ಜಾಗದಲ್ಲಿ ತುಂಬಿಕೊಂಡಿತು. ವಾಸನೆ ಇಲ್ಲದ್ದರಿಂದ ಯಾರಿಗೂ ಸುಳಿವು ಸಿಗಲಿಲ್ಲ. 1937ರ ಮಾರ್ಚ್ 18ರ ಮಧ್ಯಾಹ್ನ ಮರಗೆಲಸದ ತರಗತಿಯಲ್ಲಿ ಮೇಷ್ಟ್ರು ಉಜ್ಜುವ ಯಂತ್ರದ ಸ್ವಿಚ್ ಹಾಕಿದರು. ಒಂದು ಕಿಡಿ ಸಾಕಾಯಿತು. ಸುಮಾರು 300 ಜನ ಸತ್ತರು, ಬಹುಪಾಲು ಮಕ್ಕಳು. ತಾಯಂದಿರು ಕೆಲವರು ಅದೇ ಆವರಣದ ಇನ್ನೊಂದು ಕಟ್ಟಡದಲ್ಲಿ ಪೋಷಕರ ಸಭೆಗೆ ಬಂದಿದ್ದರು.

ಟೆಕ್ಸಸ್ ಶಾಸನಸಭೆ ತಡಮಾಡಲಿಲ್ಲ. ಅನಿಲಕ್ಕೆ ವಾಸನೆ ಬೆರೆಸುವುದು ಅದೇ ವರ್ಷ ಕಡ್ಡಾಯವಾಯಿತು. ಎಂಜಿನಿಯರುಗಳು ನೋಂದಣಿ ಮಾಡಿಸಲೇಬೇಕೆಂಬ ಕಾಯ್ದೆಯೂ ಬಂತು. ನನ್ನ ಮಟ್ಟಿಗೆ ಎರಡನೆಯದೂ ಅಷ್ಟೇ ದೊಡ್ಡದು: ಕಟ್ಟಡದ ಕೆಲಸಕ್ಕೆ ಹೊಣೆ ಹೊರುವ ಅರ್ಹರು ಬೇಕೆಂದು ಅದು ಹೇಳಿತು.

ನಿಮ್ಮ ಮನೆಯಲ್ಲಿ ಆ ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟಬೇಡಿ, ಆರಿಸಲಿಕ್ಕೂ ಸಹ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ.